ವಖಾರದ ಕಿಟಕಿಯೂ ನನ್ನ ಇಂಗ್ಲಿಷೂ

ಇವತ್ತು ಬೆಳಿಗ್ಗೆ ಸೀರೆಗಳಿಗೆ ಬಿಸಿಲು ತೋರಿಸೋಣವೆಂದು ಟ್ರಂಕು ತೆಗೆದೆ. ತಳದಲ್ಲಿದ್ದ ನೀಲಿ ಕಾಟನ್ ಸೀರೆಯ ಮಡಿಕೆ ಬಿಚ್ಚಿದ್ದೇ ತಡ, ಒಂದರ ಹಿಂದೊಂದು ಏಳು ಸೀನು. ಎಂಟನೆಯದಕ್ಕೆ ಸೊಸೆ ಅಡುಗೆಮನೆಯಿಂದ ಓಡಿ ಬಂದಳು.

"ಏನಾತ್ರಿ ಅತ್ತಿ, ಥಂಡಿ ಹತ್ತೈತೇನು?"

"ಥಂಡಿ ಅಲ್ಲವಾ, ತಂಬಾಕು."

ಅವಳು ನಂಬಲಿಲ್ಲ. ಸೆರಗನ್ನು ಅವಳ ಮೂಗಿಗೂ ಹಿಡಿದೆ. ಸೀನಿದ ಮೇಲೆ ನಂಬಿದಳು. ನಿಪ್ಪಾಣಿಯವರಿಗೆ ಈ ಘಾಟಿನ ಪರಿಚಯ ಮಾಡಿಕೊಡಬೇಕಿಲ್ಲ. ನಿಮಗೆ ಹೇಳುತ್ತೇನೆ: ಮೊದಲು ಮೂಗಿನ ತುದಿಯಲ್ಲಿ ಸ್ವಲ್ಪ ಸಿಹಿ, ಬೆಲ್ಲದ ಪಾಕ ಕಾಯಿಸಿದ ಹಾಗೆ, ಆಮೇಲೆ ಗಂಟಲೊಳಗೆ ಯಾರೋ ಉಗುರು ಆಡಿಸಿದ ಹಾಗೆ. ಈ ಸೀರೆಯನ್ನು ನಾನು ಉಟ್ಟದ್ದು ಒಂದೇ ದಿನ, ಅದೂ ಮೂರು ವರ್ಷದ ಹಿಂದೆ. ಬಣ್ಣ ಹೋದೀತೆಂದು ಒಗೆಯದೆ ಮಡಚಿಟ್ಟಿದ್ದೆ. ತಂಬಾಕಿನ ವಖಾರದಲ್ಲಿ, ಅಂದರೆ ಗೋದಾಮಿನಲ್ಲಿ, ಬಾಗಿಲ ಪಕ್ಕ ಕುರ್ಚಿ ಹಾಕಿಸಿಕೊಂಡು ಅರ್ಧ ದಿನ ಕೂತವಳ ಸೀರೆಯೇ ಮೂರು ವರ್ಷ ಹೀಗೆ ಸೀನಿಸುವುದಾದರೆ, ಒಳಗೆ ನೆಲದ ಮೇಲೆ ಇಡೀ ಆಯುಷ್ಯ ಕೂತವರ ಪುಪ್ಪುಸ ಹೇಗಿದ್ದೀತು? ಇರಲಿ, ಆ ಮಾತಿಗೆ ಬರುತ್ತೇನೆ. ಅದಕ್ಕೂ ಮೊದಲು ನನ್ನನ್ನು ನಾನೇ ನಾಲ್ಕು ಮಾತು ಬೈದುಕೊಳ್ಳಬೇಕಾಗಿದೆ.

ಸೀರಿಯಲ್ ನೋಡುವ ಹೆಂಗಸರನ್ನು ಕಂಡರೆ ನನಗೆ ಮೊದಲಿನಿಂದಲೂ ಒಂದು ನಮೂನೆ ಕನಿಕರ. ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು, ಚಿಕ್ಕೋಡಿಯಲ್ಲಿ ವರ್ಷಗಟ್ಟಲೆ ಮಕ್ಕಳಿಗೆ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು. ನಾನು ನೋಡುವುದು ಡಾಕ್ಯುಮೆಂಟರಿ. ತಿಮಿಂಗಿಲದ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಕಂಡ ದಿನ ಬಚ್ಚಲಮನೆಯ ಬಕೆಟ್ಟನ್ನು ಹಿತ್ತಲಿಗೆ ಹಾಕಿಸಿದೆ. "ತಿಮಿಂಗಲ ನಮ್ಮ ಬಚ್ಚಲಕ್ಕ ಬರೂದಿಲ್ರಿ ಅತ್ತಿ" ಅಂತ ಸೊಸೆ ಮರುದಿನವೇ ಅದನ್ನು ವಾಪಸು ತಂದಿಟ್ಟಳು. ಹೊಟ್ಟೆಯೊಳಗಿನ ಒಳ್ಳೆಯ ಬ್ಯಾಕ್ಟೀರಿಯಾದ ಮೇಲೊಂದು ನೋಡಿ, ಎರಡು ವಾರ ಗಜ್ಜರಿಯ ಹುಳಿನೀರು ಕುಡಿದೆ. ಒಳ್ಳೆಯ ಬ್ಯಾಕ್ಟೀರಿಯಾಕ್ಕೂ ನನಗೂ ಕೂಡಿಬರಲಿಲ್ಲ. ಕರಗುವ ಹಿಮಕ್ಕೆ ಅತ್ತಿದ್ದೇನೆ. ಗಣಿಯ ಮಕ್ಕಳಿಗೆ ಅತ್ತಿದ್ದೇನೆ. ಪಿಕ್ಚರ್ ಮುಗಿದು ಹೆಸರುಗಳು ಮೇಲಕ್ಕೆ ಹೋಗುವಾಗ ಎಣ್ಣೆಸ್ನಾನ ಮಾಡಿದಷ್ಟು ಹಗುರ. ಅದರಿಂದ ಜಗತ್ತಿಗೆ ಏನಾಯಿತೋ ತಿಳಿಯದು, ನನಗಂತೂ ಚೆನ್ನಾಗಿ ನಿದ್ದೆ ಬರುತ್ತಿತ್ತು.

ಹೀಗಿರುವಾಗ ಡಾಕ್ಯುಮೆಂಟರಿಯೇ ಮನೆ ಬಾಗಿಲಿಗೆ ಬಂದರೆ ಬಿಡುತ್ತೇನೆಯೇ? ಮುಂಬೈಯಿಂದ ರೋಹನ್ ಎಂಬ ಹುಡುಗ ಕ್ಯಾಮೆರಾ ಜನರನ್ನು ಕಟ್ಟಿಕೊಂಡು ನಿಪ್ಪಾಣಿಗೆ ಇಳಿದ. ಲಿನನ್ ಅಂಗಿ, ಸಾಕ್ಸಿಲ್ಲದ ಕಾಲಿಗೆ ಶೂ, ಮಾತಿಗೊಮ್ಮೆ "ಆಂಟಿ". ತಂಬಾಕು ಜರಡಿ ಹಿಡಿಯುವ ಹೆಂಗಸರ ಮೇಲೆ ಫಿಲ್ಮು. ಅದರಲ್ಲಿ ಸೋಶಿಯಲ್ ಜಸ್ಟಿಸ್ ಇರುತ್ತದಂತೆ, ಎನ್ವಿರಾನ್ಮೆಂಟ್ ಇರುತ್ತದಂತೆ, ವೆಲ್‌ನೆಸ್ಸೂ ಇರುತ್ತದಂತೆ. ಖಾನಾವಳಿಯ ಥಾಳಿಯ ಹಾಗೆ ಒಂದೇ ತಾಟಿನಲ್ಲಿ ಎಲ್ಲ. ಎನ್ವಿರಾನ್ಮೆಂಟಿಗೆಂದು ದೂಧಗಂಗೆಯ ಮೇಲೆ ಡ್ರೋನ್ ಹಾರಿಸಿದ. ಕುಡಿದೆಸೆದ ನೀರಿನ ಬಾಟಲಿಗಳನ್ನು ದಂಡೆಯಲ್ಲಿ ಬಿಟ್ಟು ಬಂದ. ಹೆಂಗಸರ ಮಾತನ್ನು ಇಂಗ್ಲಿಷಿಗೆ ಮಾಡಿಕೊಡಲು ಒಬ್ಬರು ಬೇಕಾಗಿತ್ತು. ಊರೆಲ್ಲ ನನ್ನ ಕಡೆ ಬೊಟ್ಟು ಮಾಡಿತು. ನಾನು ಬೇಡ ಬೇಡವೆನ್ನುತ್ತಲೇ ನೀಲಿ ಸೀರೆಗೆ ಇಸ್ತ್ರಿ ಮಾಡಿಸಿದೆ.

ವಖಾರ ನನ್ನ ಮೈದುನ ಅಪ್ಪಾಸಾಹೇಬನದು. ಕ್ಯಾಮೆರಾ ಬರುತ್ತದೆಂದು ಅವನಿಗೂ ಖುಷಿ. ಆದರೆ ನಮ್ಮ ಕಡೆಯವರಿಗೆ ಒಂದು ಚಟವಿದೆ: ಮನೆಗೆ ಬೀಗರು ಬರಲಿ, ಬ್ಯಾಂಕಿನ ಸಾಹೇಬರು ಬರಲಿ, ಬರುವವರ ಕಣ್ಣಿಗೆ ಕಸ ಬೀಳಬಾರದು. ಹಿಂದಿನ ದಿನವೇ ಗೋಡೆಗೆ ಸುಣ್ಣ ಹೊಡೆಸಿದ. ನೆಲಕ್ಕೆ ನೀರು ಚಿಮುಕಿಸಿ ಪುಡಿ ಕೂರಿಸಿದ. ಪುಡಿ ಗಾಳಿಗೆ ಹಾರಿಹೋದೀತೆಂದು ಎಷ್ಟೋ ವರ್ಷಗಳಿಂದ ಮೊಳೆ ಹೊಡೆದು ಮುಚ್ಚಿದ್ದ ನಾಲ್ಕು ಕಿಟಕಿಗಳನ್ನು ಬಡಿಗ್ಯಾನನ್ನು ಕರೆಸಿ ತೆಗೆಸಿದ. ಹೆಂಗಸರೋ, ತಲೆಗೆ ಎರೆದುಕೊಂಡು, ಮದುವೆಗೆ ಹೊರಟವರಂತೆ ಇಳಕಲ್ ಸೀರೆ ಉಟ್ಟು, ಮುಡಿತುಂಬ ಅಬ್ಬಲಿಗೆ ಮುಡಿದು ಸಾಲಾಗಿ ಕೂತಿದ್ದರು.

ರೋಹನ್ ಒಳಗೆ ಕಾಲಿಟ್ಟವನು ನಿಂತೇಬಿಟ್ಟ. "ಆಂಟಿ, ವರ್ಕರ್ಸ್ ಎಲ್ಲಿದ್ದಾರೆ?"

"ಇವರೇ."

"ಬಟ್ ದೆ ಲುಕ್ ಸೋ... ಹ್ಯಾಪಿ!" ಅವನ ಮುಖ ನೋಡಿದರೆ ಯಾರೋ ಜೇಬು ಕತ್ತರಿಸಿದ ಹಾಗಿತ್ತು. ದಿನದ ಸೀರೆ ಉಟ್ಟು ಬರಲಿಕ್ಕೆ ಹೇಳಿ ಎಂದ. ಹೇಳಿದೆ.

ಮುಂದಿನ ಸಾಲಿನಲ್ಲಿ ಕೂತಿದ್ದವಳು ಶಾಂತವ್ವ. ಅಕ್ಕೋಳದಿಂದ ದಿನಾ ಟೆಂಪೋ ಹಿಡಿದು ಬರುವವಳು, ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ಚಿಕ್ಕವಳು, ಕೆಮ್ಮಿನಲ್ಲಿ ನನ್ನಜ್ಜಿಗಿಂತ ದೊಡ್ಡವಳು. "ಹರಕ ಸೀರಿ ಉಟ್ಟ ಫೋಟೋ ತಗಸಬೇಕಂತ? ಯಾಕ, ಯಾರ ಸತ್ತಾರಂತ?" ಎಂದಳು. ಎಲ್ಲರೂ ಬಾಯಿಗೆ ಸೆರಗಿಟ್ಟು ನಕ್ಕರು. ಆದರೂ ಹೋಗಿ, ವಖಾರದಲ್ಲೇ ಇಟ್ಟಿದ್ದ ಕೆಲಸದ ಸೀರೆ ಉಟ್ಟು ಬಂದರು. ಊರಿಗೆ ಬಂದ ಅತಿಥಿಯ ಮಾತಲ್ಲವೇ.

ಆಮೇಲೆ ನೆಲ ಒಣಗಿಸಿ, ಚೀಲ ಸುರಿದು, ಜರಡಿ ಆಡಿಸಿ ಪುಡಿ ಎಬ್ಬಿಸಿದ್ದಾಯಿತು. ಕ್ಯಾಮೆರಾದೊಳಗೆ ಕಣ್ಣಿಟ್ಟ ರೋಹನ್ "ಟೂ ಮಚ್ ಲೈಟ್" ಎಂದು ತಲೆ ಅಲ್ಲಾಡಿಸಿದ. ಕಿಟಕಿ ಮುಚ್ಚಿಸಿದ. ಮೂರು ಪೂರ್ತಿ, ನಾಲ್ಕನೆಯದರಲ್ಲಿ ಒಂದು ಬೆರಳಗಲ ಸಂದು. ಆ ಸಂದಿಯಿಂದ ಬಿಸಿಲಿನ ಕೋಲೊಂದು ಒಳಗೆ ಬಂತು, ಅದರಲ್ಲಿ ಪುಡಿ ಬಂಗಾರದ ಹಾಗೆ ತೇಲಾಡಿತು. ಸುಳ್ಳು ಹೇಳಲಾರೆ, ಬಹಳ ಸುಂದರವಾಗಿತ್ತು. "ಬ್ಯೂಟಿಫುಲ್" ಎಂದು ನಾನೂ ಅಂದೆ.

ನಡುವೆ ವೆಲ್‌ನೆಸ್ಸಿನ ಪಾಳಿ ಬಂತು. ಒಬ್ಬ ಕೋಚ್ ಹುಡುಗಿ ಚಾಪೆ ಹಾಸಿ ಪದ್ಮಾಸನದಲ್ಲಿ ಕೂತು, "ಡೀಪ್ ಬ್ರೆತ್, ಹೊಟ್ಟೆಯ ತನಕ ಉಸಿರು ತೆಗೆದುಕೊಳ್ಳಿ, ಒಳಗಿನ ಸ್ಟ್ರೆಸ್ ಹೊರಗೆ ಬಿಡಿ" ಎಂದು ಇಂಗ್ಲಿಷಿನಲ್ಲಿ ಹೇಳಿದಳು. ನಾನು ಕನ್ನಡದಲ್ಲಿ ಹೇಳಿದೆ. ಯಾರೂ ಮಿಸುಕಲಿಲ್ಲ, ವಖಾರದಲ್ಲಿ ಮೇಲೆ ಮೇಲೆ ಸಣ್ಣ ಉಸಿರು ಎಳೆಯುವುದೇ ಅಲ್ಲಿನವರು ಮೊದಲ ವಾರ ಕಲಿಯುವ ವಿದ್ಯೆ. ತೋರಿಸಿಕೊಡಲು ಹೋದ ಕೋಚ್ ತಾನೇ ಹೊಟ್ಟೆಯ ತನಕ ಎಳೆದಳು. ಕಣ್ಣು ಮೂಗು ಸುರಿದು, ಅವಳನ್ನು ಎತ್ತಿ ಹೊರಗೆ ಕಟ್ಟೆಯ ಮೇಲೆ ಕೂರಿಸಿ ಮುಖಕ್ಕೆ ನೀರು ಹಾಕಬೇಕಾಯಿತು. ಹೆಂಗಸರಿಗೆ ಪಾಪ ಅನಿಸಿತು. ಶಾಂತವ್ವ ಅವಳ ಬೆನ್ನು ತಿಕ್ಕುತ್ತ, "ಸಾವಕಾಶ ತಂಗಿ, ರೂಢಿ ಆಗತೈತಿ" ಎಂದಳು.

ಒಳಗೆ ಬಂದು ಕ್ಯಾಮೆರಾದ ಮುಂದೆ ಕೂತ ಮೇಲೆ ಮಾತ್ರ ಶಾಂತವ್ವನ ದನಿ ಬದಲಾಯಿತು. ರೋಹನ್ ಕೇಳಿದ್ದು "ವಾಟ್ ಈಸ್ ಯುವರ್ ಡ್ರೀಮ್?" ನಿನ್ನ ಕನಸೇನು ಎಂದು ನಾನು ಕೇಳಿದೆ. ಶಾಂತವ್ವ ಮುಚ್ಚಿದ ಕಿಟಕಿಯ ಕಡೆ ಕೈಮಾಡಿದಳು. ಟೀಚರಾಗಿದ್ದವಳೆಂದು ನನ್ನನ್ನು ಅವಳು ಕರೆಯುವುದು 'ಬಾಯಾರ' ಎಂದು.

"ಕನಸ ಬಿಡ್ರಿ ಬಾಯಾರ. ಈ ಕಿಟಕಿ ತೆಗಸ್ರಿ ಅಂತ ಎಷ್ಟ ಸಲ ಮಾಲಕರ ಮುಂದ ಬೇಡಕೊಂಡೇವಿ. ಪುಡಿ ಹಾರತೈತಿ, ಲುಕ್ಸಾನ ಆಗತೈತಿ ಅಂತಾರ. ಅದು ಹಾರಬಾರದು, ನಾವು ಹಾರಿ ಹೋದ್ರ ನಡೀತೈತಿ. ನೀವು ಬರತೀರಂತ ಇವತ್ತೊಂದ ದಿನಾ ತೆಗಸಿದ್ರು. ಈ ಪುಣ್ಯಾತ್ಮ ಅದನ್ನೂ ಮುಚ್ಚಿಸಿದ. ಹೇಳ್ರಿ ಅವಗ."

"ವಾಟ್ ಡಿಡ್ ಶೀ ಸೇ?" ರೋಹನ್ ನನ್ನ ಕಡೆ ತಿರುಗಿದ.

ಓದುಗರೇ, ಆ ಕ್ಷಣದಲ್ಲಿ ಅಲ್ಲಿ ಯಾರ್ಯಾರಿದ್ದರು ಹೇಳುತ್ತೇನೆ. ಬಾಗಿಲಲ್ಲಿ ಕೈಕಟ್ಟಿಕೊಂಡು ನನ್ನ ಮೈದುನ ನಿಂತಿದ್ದ. ಅವನ ಮನೆಯಲ್ಲಿ ನಮಗೆಲ್ಲ ಹೋಳಿಗೆ ಕಟ್ಟಿನ ಸಾರಿನ ಊಟ ಕಾದಿತ್ತು. ನನ್ನೊಳಗೆ ಕಾನ್ವೆಂಟಿನ ಸಿಸ್ಟರ್ ಒಬ್ಬರು ಕೂತಿದ್ದರು. ಹೊರಗಿನವರ ಮುಂದೆ ಅಪ್ರಿಯವಾದದ್ದನ್ನು ಆಡುವ ಹುಡುಗಿಯರ ಬೆರಳ ಗಂಟಿನ ಮೇಲೆ ಸ್ಕೇಲಿನಿಂದ ಹೊಡೆಯುತ್ತಿದ್ದವರು. ನಾನು ಗಂಟಲು ಸರಿಮಾಡಿಕೊಂಡು, ಒಳ್ಳೆಯ ಉಚ್ಚಾರದಲ್ಲಿ ಹೇಳಿದೆ: "ಶೀ ಸೇಸ್, ಇನ್ ಹರ್ ಡ್ರೀಮ್ಸ್ ದೇರ್ ಈಸ್ ಎ ವಿಂಡೋ."

ರೋಹನ್‌ನ ಕಣ್ಣಲ್ಲಿ ನೀರು ಬಂತು. ನನ್ನ ಮೈದುನ ತಲೆದೂಗಿದ. ಶಾಂತವ್ವ, ಇಷ್ಟು ಉದ್ದದ ಮಾತಿಗೆ ಇಂಗ್ಲಿಷಿನಲ್ಲಿ ಇಷ್ಟೇ ಸಾಕಾಗುತ್ತದೆಯೇ ಎಂಬಂತೆ ನನ್ನನ್ನೇ ನೋಡಿದಳು. ಊಟ ಚೆನ್ನಾಗಿತ್ತು. ಎರಡು ಹೋಳಿಗೆ ಹೆಚ್ಚೇ ತಿಂದೆ. ಸಂಜೆ ಕ್ಯಾಮೆರಾ ಗಾಡಿ ಊರು ದಾಟುವುದರೊಳಗೆ ಬಡಿಗ್ಯಾ ಮತ್ತೆ ಮೊಳೆ ಹೊಡೆದಿದ್ದ.

ಫಿಲ್ಮು ಎಲ್ಲೆಲ್ಲೋ ಹೋಗಿ, ಯಾರ್ಯಾರನ್ನೋ ಅಳಿಸಿ, ಮೂರು ವರ್ಷದ ಮೇಲೆ ನಮ್ಮ ಕಡೆ ಬಂತು. ಹೋದ ಶನಿವಾರ ಚಿಕ್ಕೋಡಿಯ ಒಂದು ಸಭಾಗೃಹದಲ್ಲಿ ತೋರಿಸಿದರು. ನನ್ನ ಪಕ್ಕದ ಕುರ್ಚಿಯಲ್ಲಿ ಶಾಂತವ್ವ, ಅದೇ ಇಳಕಲ್ ಸೀರೆಯಲ್ಲಿ. ಈಗ ಇನ್ನಷ್ಟು ಸೊರಗಿದ್ದಳು. ಎರಡು ಮೆಟ್ಟಿಲಿಗೊಮ್ಮೆ ನಿಂತು ಹತ್ತಿದ್ದಳು. ಪರದೆಯ ಮೇಲೆ ಬಿಸಿಲಿನ ಕೋಲು ಬಂತು, ಬಂಗಾರದ ಪುಡಿ ಬಂತು, ಅವಳ ಮುಖ ಬಂತು. ಬಾಯಿ ಆಡುತ್ತಿದೆ, ದನಿ ಇಲ್ಲ. ಮೇಲೆ ಕೊಳಲಿನ ಸಂಗೀತ.

"ಅಯ್ಯ, ನನ್ನ ಬಾಯಾಗ ಕೊಳಲ ಊದ್ಯಾರಲ್ರಿ ಬಾಯಾರ!" ಎಂದು ನನ್ನ ಮೊಣಕೈ ತಿವಿದಳು. "ಕೆಳಗ ಏನೋ ಬರದಾರ. ಓದಿ ಹೇಳ್ರಿ."

ನನ್ನದೇ ವಾಕ್ಯ. ಅದನ್ನು ನಾನೇ ಕನ್ನಡಕ್ಕೆ ತಿರುಗಿಸಿ ಅವಳ ಕಿವಿಯಲ್ಲಿ ಹೇಳಬೇಕಾಯಿತು: "ನನ್ನ ಕನಸಿನಾಗ ಒಂದು ಕಿಟಕಿ ಐತಿ."

"ನಾ ಯಾವಾಗ ಹಂಗಂದೆ?" ಪರದೆಯ ಬೆಳಕಿನಲ್ಲಿ ಅವಳ ಹುಬ್ಬು ಗಂಟಿಕ್ಕಿದ್ದು ಕಾಣುತ್ತಿತ್ತು. "ನನಗ ಕನಸ ಬೀಳೂದಿಲ್ರಿ. ಕೆಮ್ಮು ಬಿಟ್ರಲ್ಲ ನಿದ್ದಿ, ನಿದ್ದಿ ಬಂದ್ರಲ್ಲ ಕನಸು." ಪರದೆಯಿಂದ ನನ್ನ ಕಡೆ ತಿರುಗಿ ಕೇಳಿದಳು, "ನೀವ ಹೇಳಲಿಲ್ಲೇನ್ರಿ, ಅವತ್ತ?"

ಅಷ್ಟರಲ್ಲಿ ದೀಪಗಳು ಹತ್ತಿದವು. ಚಪ್ಪಾಳೆ. ಶೂಟಿಂಗಿಗೆ ಸಹಕಾರ ಕೊಟ್ಟದ್ದಕ್ಕೆ ಅಪ್ಪಾಸಾಹೇಬನಿಗೆ ಶಾಲು, ತಲೆಗೆ ಫೇಟಾ. ಭಾಷಾಂತರಕ್ಕೆ ನನಗೊಂದು ತುಳಸಿ ಸಸಿ, ಪ್ಲಾಸ್ಟಿಕ್ ಕುಂಡದಲ್ಲಿ. ಎರಡು ಮಾತಾಡಿ ಎಂದು ಮೈಕು ಕೈಗಿತ್ತರು. ಈಗ ಹೇಳುತ್ತೇನೆ, ಇಲ್ಲಿಯೇ ಹೇಳುತ್ತೇನೆ, ಕನ್ನಡದಲ್ಲಿಯೇ ಹೇಳುತ್ತೇನೆ ಎಂದುಕೊಂಡೇ ಎದ್ದೆ. ಮೈದುನ ಫೇಟಾದ ಕೆಳಗಿನಿಂದ ನಕ್ಕು, "ಬೋಲಾ ವೈನಿ", ಮಾತಾಡಿ ಅತ್ತಿಗೆ, ಎಂದ. ನನ್ನ ಬಾಯಿಂದ ಬಂದದ್ದು: "ಇಟ್ ವಾಸ್ ಎ ಪ್ರಿವಿಲೆಜ್. ಥ್ಯಾಂಕ್ ಯೂ ಆಲ್." ಕೆಳಗಿಳಿದು ಬಂದರೆ ಪಕ್ಕದ ಕುರ್ಚಿ ಖಾಲಿ.

ಆವತ್ತಿನಿಂದ ನಾನು ಒಂದೂ ಡಾಕ್ಯುಮೆಂಟರಿ ನೋಡಿಲ್ಲ. ಸೊಸೆಯ ಜೊತೆ ಕೂತು ಸೀರಿಯಲ್ ನೋಡುತ್ತೇನೆ. ಅದರಲ್ಲಿ ಕೆಟ್ಟವರು ಕೆಟ್ಟವರ ಹಾಗೆಯೇ ಹುಬ್ಬು ಬರೆದುಕೊಂಡಿರುತ್ತಾರೆ, ಅವರಲ್ಲಿ ನಾನಿಲ್ಲವೆಂದು ಸುಲಭವಾಗಿ ಗೊತ್ತಾಗುತ್ತದೆ.

ಇವತ್ತು ಮಧ್ಯಾಹ್ನ, ಸೀರೆಗಳು ಇನ್ನೂ ಬಿಸಿಲಲ್ಲಿರುವಾಗಲೇ, ಶಾಂತವ್ವ ಬಂದಳು. ವಖಾರಕ್ಕೆ ಸೂಟಿಯಂತೆ. ಚಹಾ ಕುಡಿದು, ಬಸಿ ಕೆಳಗಿಟ್ಟು, ಸೊಂಟದ ಚೀಲದಿಂದ ನಾಲ್ಕಾಗಿ ಮಡಚಿದ ಬಿಳಿ ಹಾಳೆ ತೆಗೆದಳು. "ಲೇಬರ್ ಆಫೀಸಿಗೆ ಅರ್ಜಿ ಕೊಡಬೇಕಂತ ಮಾಡೇವ್ರಿ. ಬರದ ಕೊಡ್ರಿ."

ಬೆಳಿಗ್ಗೆಯಿಂದ ಸೀನಿದ ಮೂಗಿಗೆ ಇದ್ದಕ್ಕಿದ್ದಂತೆ ಹುಮ್ಮಸ್ಸು ಬಂತು. "ಇಂಗ್ಲಿಷಿನಲ್ಲಿ ಬರೀತೀನಿ ಶಾಂತವ್ವ, ಸ್ಟ್ರಾಂಗ್ ಆಗಿರ್ತದ" ಎಂದೆ.

"ಇಂಗ್ಲಿಷ್ ಬ್ಯಾಡ್ರಿ. ಅದನ್ನ ಒಮ್ಮಿ ನೋಡೇನಿ" ಎಂದಳು, ದನಿ ಏರಿಸದೆ. "ಕನ್ನಡದಾಗ ಬರೀರಿ. ಮನ್ಯಾಗ ನಮ್ಮ ಹುಡಿಗಿ ಓದಿ ನೋಡ್ತಾಳ."

ಹೇಳಿದಂತೆ ಬರೆದೆ. ಮೊದಲ ಸಾಲಿಗೇ ನನ್ನ ಕೈ ತಾನಾಗಿ "ದಯಮಾಡಿ" ಎಂದು ಹಾಕಿತು. ಓದಿಸಿ ಕೇಳಿ, "ಅದನ ಹೊಡದ ಹಾಕ್ರಿ. ದಯಮಾಡಿ ಅಂತ ಹತ್ತ ವರ್ಷ ಬಾಯಿಲೇ ಅಂದೇವಿ" ಎಂದಳು. ಹೊಡೆದು ಹಾಕಿದೆ. ಉಳಿದದ್ದು ಮೂರೇ ಸಾಲು: ಕಿಟಕಿ ನಾಲ್ಕು ಅದಾವ, ನಾಲ್ಕಕ್ಕೂ ಮೊಳಿ ಹೊಡದಾರ, ತೆಗಸ್ರಿ.

"ಸಹಿ ಮಾಡಿದವರನ್ನು ಅಪ್ಪಾಸಾಹೇಬ ಕೆಲಸದಿಂದ ಬಿಡಿಸಿದರೆ?" ಎಂದು ಕೇಳಿದೆ.

"ಬಿಡಸ್ತಾರ್ರಿ. ಅದಕ್ಕ ನಿಮ್ಮ ಕಡೆ ಬಂದೇನಿ. ಮೊದಲನೇ ಸಹಿ ನಿಮ್ಮದಿರಲಿ. ಅವರಿಗೆ ತಮ್ಮ ವೈನಿನ್ನ ಕೆಲಸದಿಂದ ಬಿಡಸಾಕ ಬರೂದಿಲ್ಲಲ್ರಿ."

ಬಾಗಿಲಲ್ಲಿ ನಿಂತಿದ್ದ ಸೊಸೆ ನನ್ನನ್ನೇ ನೋಡುತ್ತಿದ್ದಳು. ದಸರೆಗೆ ಅದೇ ಮೈದುನನ ಮನೆಯಲ್ಲಿ ಎಲ್ಲರೂ ಸೇರುವವರು ನಾವು. ನಾನು ಪೆನ್ನಿನ ಟೊಪ್ಪಿ ತೆಗೆದೆ. ಬರಿಯ ಇನಿಷಿಯಲ್ಲಿನಲ್ಲಿ ಮುಗಿಸುವ ನನ್ನ ಹಳೆಯ ಸಹಿ ಬಿಟ್ಟು, ಪೂರ್ತಿ ಹೆಸರು ಬರೆದೆ, ಮನೆತನದ ಅಡ್ಡಹೆಸರಿನ ಸಮೇತ. ವಖಾರದ ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದ್ದೂ ಅದೇ ಅಡ್ಡಹೆಸರು.

ಶಾಂತವ್ವ ಹಾಳೆಯನ್ನು ಎತ್ತಿ ಹಿಡಿದು, ಮಸಿ ಆರಲೆಂದು ಊದಲು ಹೋದಳು. ಊದುವಷ್ಟು ಉಸಿರು ಇರಲಿಲ್ಲ, ಕೆಮ್ಮು ಹತ್ತಿತು. ಅದು ನಿಲ್ಲುವ ತನಕ ಹಾಳೆಯನ್ನು ನಾನು ಹಿಡಿದುಕೊಂಡು ಕೂತೆ.