ಒಂದು ನಂಬರ್ ದೊಡ್ಡ ಸೈಕಲ್

"ಒಂದ್ ನಂಬರ್ ದೊಡ್ಡದ ತಗೋ, ಇರ್ಲಿ," ಅಂದರು ನಮ್ಮ ಯಜಮಾನರು.

ಬಾಗಲಕೋಟೆಯ ಸೈಕಲ್ ಅಂಗಡಿ. ತಗೊಳ್ಳಲು ಹೋಗಿದ್ದು ಮೌಂಟನ್ ಬೈಕು. ಓಡಿಸುವವಳು ನಾನು. ನನಗೆ ನಲವತ್ತೈದು. ಇನ್ನೆಷ್ಟು ಬೆಳೆಯಲಿ, ನೀವೇ ಹೇಳಿ?

(ಅಡ್ಡಡ್ಡ ಬೆಳೆಯುತ್ತಿದ್ದೇನೆ, ನಿಜ. ಅದಕ್ಕೆ ಸೈಕಲ್ಲಿನ ಫ್ರೇಮು ಏನು ಮಾಡೀತು?)

ಪಾಪ, ಅವರದೊಬ್ಬರದೇ ತಪ್ಪಲ್ಲ. ಇಳಕಲ್ಲಿನ ನಮ್ಮ ತವರಿನಲ್ಲೂ ಇದೇ ಕಾನೂನು. ಶಾಲೆಯ ಯೂನಿಫಾರ್ಮು, ಬೂಟು, ಸ್ವೆಟರು ಎಲ್ಲವೂ ಒಂದು ನಂಬರ್ ದೊಡ್ಡದು. ಕೇಳಿದರೆ, "ಬೆಳಿಯೋ ಹುಡುಗಿ." ಲಂಗದ ಅಂಚು ಮಡಚಿ ಹೊಲಿಗೆ, ಬೂಟಿನ ತುದಿಗೆ ಹತ್ತಿ. ಅಳತೆ ಸರಿಹೋಗುವ ಹೊತ್ತಿಗೆ ಅದು ಹರಿದಿರುತ್ತಿತ್ತು. ಸೈಕಲ್ ಕಲಿತದ್ದೂ ಅಣ್ಣನ ಗಂಡಸರ ಸೈಕಲ್ಲಿನಲ್ಲಿ, ಬಾರಿನ ಕೆಳಗೆ ಕಾಲು ತೂರಿಸಿ. ಸೀಟಿನ ಮೇಲೆ ಕೂರುವಷ್ಟು ಎತ್ತರ ಬಂದಾಗ ಮದುವೆ ಗೊತ್ತಾಗಿತ್ತು!

ನನ್ನ ಅಳತೆಗೆ ಅಂತಲೇ ತಂದ ಒಂದು ವಸ್ತುವೂ ನೆನಪಿಗೆ ಬರುವುದಿಲ್ಲ. (ಸೀರೆಗೆ ನಂಬರೇ ಇಲ್ಲ, ಹಾಗಾಗಿ ಅದು ಲೆಕ್ಕಕ್ಕಿಲ್ಲ.) ನನಗೆ ಅದರ ಬಗ್ಗೆ ಸಿಟ್ಟಿದೆ. ಈಗಲೂ ಇದೆ.

ಈ ವಯಸ್ಸಿನಲ್ಲಿ ಇದೆಂಥ ಹುಚ್ಚು ಅಂತೀರಾ? ಬಾದಾಮಿ ಹತ್ತಿರದ ಚೊಳಚಗುಡ್ಡದಲ್ಲಿ ನನ್ನ ತಂಗಿಯ ಮನೆ. ಅಲ್ಲಿಂದಾಚೆ ಕೆಂಪು ಗುಡ್ಡದ ಮೇಲೆ ಆಡುಗಳು ಓಡಾಡಿ ಮಾಡಿದ ಜಾಡು. ಅದರ ಕೊನೆಗೆ ಮೊಣಕಾಲೆತ್ತರದ ಒಂದು ಬಂಡೆ; ಜಾಡು ಅದರ ಮೇಲೇ ಹಾಯುತ್ತದೆ, ಅಂಚಿನಿಂದ ಸೈಕಲ್ ಸಮೇತ ಕೆಳಗೆ ಹಾರಬೇಕು. ತಂಗಿಯ ಗಂಡನ ಸೈಕಲ್ ಎರವಲು ಪಡೆದು ಮೂರು ಭಾನುವಾರ ಹೋದೆ. ಮೂರು ಸಲವೂ ಬಂಡೆಯ ಅಂಚಿಗೆ ಬಂದು ಬ್ರೇಕ್ ಹಿಡಿದೆ. ನಿಂತರೆ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಕಾಲೇ ಎಟುಕದ ಸೈಕಲ್ಲಿನ ಮೇಲೆ ಧೈರ್ಯ ಎಲ್ಲಿಂದ ಬರಬೇಕು? ಆ ಬಂಡೆ ಹಾರದೆ ಬಿಡುವುದಿಲ್ಲ ಅಂತ ಹಟ ಹಿಡಿದೇ ಅಂಗಡಿಗೆ ಹೋಗಿದ್ದು.

ಯಜಮಾನರ ಕಣ್ಣು ಬಿದ್ದದ್ದು ಹಿಂದೆ-ಮುಂದೆ ಎರಡೂ ಕಡೆ ಸ್ಪ್ರಿಂಗ್ ಇದ್ದ, ಹಳದಿ ಬಣ್ಣದ ದೊಡ್ಡದೊಂದರ ಮೇಲೆ.

"ಡಬಲ್ ಶಾಕಪ್ ಐತಿ, ರೇಟೂ ಸೋವಿ ಐತಿ. ಕ್ಯಾರಿಯರ್ ಹಾಕಿಸಿದ್ರ ಗಿರಣಿಯಿಂದ ಜ್ವಾಳದ ಹಿಟ್ಟೂ ತರಬಹುದು."

"ಹಿಟ್ಟು ಹಾರೂದಿಲ್ರಿ. ನಾ ಹಾರಬೇಕು," ಅಂದೆ.

ಅಂಗಡಿಯ ಹಿರಿಯರು ಹುಸೇನಸಾಬರು. ನಕ್ಕರು. "ಸರ, ಈ ರೇಟಿನ್ಯಾಗ ಡಬಲ್ ಶಾಕಪ್ ಅಂದ್ರ ಬರೇ ತೂಕ ನೋಡ್ರಿ. ನಾಕ್ ಸಲ ಹಾರಿದ್ರ ಹಿಂದಿನ ಸ್ಪ್ರಿಂಗ್ ಕುಂಯ್ ಅಂತೈತಿ. ಶಾಕಪ್ ಮುಂದ ಒಂದ ಸಾಕು. ಉಳಿದ ರೊಕ್ಕ ಬ್ರೇಕಿಗೆ, ಟೈರಿಗೆ ಹಾಕ್ರಿ. ಜಾಲಿಮುಳ್ಳಿನ ಸೀಮಿ ನಮ್ದು."

ಒಪ್ಪಿದೆ. ಆದರೆ ಎಷ್ಟು ನಂಬರ್? ಟೈರಿನ ಇಂಚು ಬೇರೆ, ಫ್ರೇಮಿನ ಇಂಚು ಬೇರೆಯಂತೆ. ಫ್ರೇಮ್ ಅಳೆಯಬೇಕಾದರೆ ಬಾರಿನ ಎರಡೂ ಕಡೆ ಕಾಲಿಟ್ಟು, ನೆಲದ ಮೇಲೆ ನಿಲ್ಲಬೇಕು. ನಾನು ನಿಂತೆ. ಹುಸೇನಸಾಬರು ತಟ್ಟನೆ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದರು.

"ಅಕ್ಕಾರ, ಬಾರಿನ ಮ್ಯಾಲ ಎಷ್ಟ ಬೆರಳ ಸಂದಿ ಐತ್ರಿ?" ಅಂತ ಕ್ಯಾಲೆಂಡರನ್ನು ಕೇಳಿದರು.

ದೊಡ್ಡದರಲ್ಲಿ ಒಂದು ಬೆರಳೂ ಹೋಗಲಿಲ್ಲ. ಸಣ್ಣದರಲ್ಲಿ ನಿಂತೆ. "ನಾಲ್ಕ್ರಿ!" ಅಂತ ಕೂಗಿದೆ.

"ಹಂಗಾರ ಅದ ನಿಮ್ಮದು. ಹಾರಾವ್ರಿಗೆ ಸಣ್ಣ ಫ್ರೇಮ ಛಲೋರಿ, ಹೇಳಿದ ಮಾತು ಕೇಳತೈತಿ."

ಅದ ನಿಮ್ಮದು. ಇಷ್ಟು ಸಣ್ಣ ಮಾತಿಗೆ ಕಣ್ಣು ತುಂಬಬೇಕೇ? ತುಂಬಿತು. ಬೆಲ್ ನೋಡುವ ನೆಪದಲ್ಲಿ ನಾನೂ ಗೋಡೆಯ ಕಡೆ ತಿರುಗಿದೆ. ಯಜಮಾನರು ಕ್ಯಾರಿಯರ್ ಮಾತು ಮತ್ತೆ ಎತ್ತಲಿಲ್ಲ.

ಮೊನ್ನೆ ಭಾನುವಾರ ಅದೇ ಜಾಡು. ಸೀಟು ಕೆಳಗಿಳಿಸಿ, ಪೆಡಲಿನ ಮೇಲೆ ಎದ್ದು ನಿಂತು ಹೊರಟೆ. ಯಜಮಾನರು ನೀರಿನ ಬಾಟಲಿ ಹಿಡಿದು ದೂರದ ರಸ್ತೆಯಲ್ಲಿ ನಿಂತಿದ್ದರು. ಬಂಡೆ ಬಂತು. ಬೆರಳು ಬ್ರೇಕಿನ ಮೇಲೇ ಇತ್ತು, ಒತ್ತಲಿಲ್ಲ. ಒಂದು ಕ್ಷಣ ಏನೂ ಸದ್ದಿಲ್ಲ. ಆಮೇಲೆ ಧಡ್ ಅಂತ ಎರಡೂ ಚಕ್ರ ನೆಲಕ್ಕೆ. ಮುಂದಿನ ಚಕ್ರ ಜಾರಿತು, ಸಾವರಿಸಿತು, ನಿಂತಿತು. ಎರಡೂ ಕಾಲು ನೆಲದ ಮೇಲಿದ್ದವು. ಸುತ್ತ ಬರೀ ಕೆಂಪು ಧೂಳು.

ಆ ಧೂಳಿನಲ್ಲಿ ಯಜಮಾನರು ಏದುಸಿರು ಬಿಡುತ್ತಾ ಓಡಿ ಬಂದರು. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಬಿದ್ದಿ ಏನ?"

"ಇಲ್ರಿ. ಹಾರಿದ್ನಿ."

ದೂರ ನಿಂತು ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ, ಏನು ಮಾಡೋಣ?