ಅಕ್ಕನ ನೋವು ಎಲ್ಲಿ ಹೋಗಿತ್ತು

ಪವಾಡ ಗಿವಾಡ ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗುವ ಮನುಷ್ಯ ನಾನು. ನಮ್ಮದು ಬೀದರದ ಕಡೆಯ ಲಿಂಗವಂತರ ಮನೆತನ. ಆದರೂ ನನ್ನ ಇಷ್ಟಲಿಂಗ ಕೊರಳಲ್ಲಿರದೆ ನಾಶಿಕದ ಮನೆಯ ದೇವರ ಗೂಡಿನಲ್ಲೇ ಇರುತ್ತದೆ. ಹಬ್ಬಕ್ಕೊಮ್ಮೆ ಅದರ ನೆನಪು. ನೀವು ನಂಬಲಿ ಎಂದು ಇದನ್ನು ಬರೆಯುತ್ತಿಲ್ಲ. ನನಗೇ ಇನ್ನೂ ಬಗೆಹರಿದಿಲ್ಲ.

ಸಂಭಾಜಿನಗರದಲ್ಲಿರುವ ನನ್ನ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದುಕೊಂಡಳು. ಭಾವ ತೀರಿಹೋಗಿದ್ದಾರೆ, ಮಕ್ಕಳಿಲ್ಲ. ಸುದ್ದಿ ಬಂದಾಗ, ನಾಶಿಕದ ಹತ್ತಿರದ ಪಿಂಪಳಗಾಂವ್ ಬಸವಂತದ ಉಳ್ಳಾಗಡ್ಡಿ ಮಂಡಿಯಲ್ಲಿ ದಿನವೆಲ್ಲ ನಿಂತವನು ಅದೇ ಬಟ್ಟೆಯಲ್ಲಿ ರಾತ್ರಿ ಬಸ್ಸು ಹತ್ತಿದೆ. ಬೆಳಗ್ಗೆ ಆಸ್ಪತ್ರೆ ಮುಟ್ಟುವಾಗ ಜೀವ ಸಾಕಾಗಿತ್ತು.

ಆಪರೇಷನ್ ಆದ ಮೇಲೂ ನೋವು ಕಾಡಬಾರದೆಂದು ತೊಡೆಸಂದಿನ ನರದ ಹತ್ತಿರ ಸೂಜಿಮದ್ದು ಹಾಕುತ್ತೇವೆ, ಮರುದಿನ ಬೆಳಗಿನವರೆಗೆ ಆ ಭಾಗ ಜೋಮು ಹಿಡಿದಿರುತ್ತದೆ ಎಂದರು ಡಾಕ್ಟರು. ಒಳಗೆ ಒಯ್ಯುವ ಮುಂಚೆ ಮೈಮೇಲೆ ಏನೂ ಇರಬಾರದೆಂದು ನರ್ಸ್ ಹೇಳಿದಾಗ ಅಕ್ಕ ತನ್ನ ಲಿಂಗ ತೆಗೆದು ನನ್ನ ಅಂಗೈಯಲ್ಲಿಟ್ಟಳು. "ಕೈಯಾಗ ಹಿಡ್ಕೊ. ಕೊರಳಾಗ ಹಾಕ್ಕೋಬ್ಯಾಡ. ಒಬ್ಬರದು ಒಬ್ಬರು ಕಟ್ಕೋಬಾರದು."

ಔಷಧ ತಾ, ರಕ್ತ ತಾ ಎಂದು ಓಡಿಸುತ್ತಿದ್ದರು. ಕೈಯಲ್ಲಿ ಹಿಡಿದು ಎಷ್ಟು ಹೊತ್ತು ಓಡಾಡಲಿ? ಕೊರಳಿಗೆ ಹಾಕಿಕೊಂಡು ಅಂಗಿಯ ಗುಂಡಿ ಹಚ್ಚಿದೆ.

ಮಧ್ಯಾಹ್ನ ಅಕ್ಕನನ್ನು ಹೊರಗೆ ತಂದಾಗ ಅವಳ ಮುಖ ಹಗುರವಾಗಿತ್ತು. "ನೋವು ಅನ್ನೋದೇ ಇಲ್ಲೋ," ಎಂದಳು. ಸ್ವಲ್ಪ ಹೊತ್ತಿಗೆ ನನ್ನ ಬಲಸೊಂಟ ಹಿಡಿಯಿತು. ಹಿಡಿಯಿತು ಅಂದರೆ ಸುಮ್ಮನೆ ಅಲ್ಲ, ಎಲುಬಿನೊಳಗೆ ಯಾರೋ ಕೆಂಡ ಇಟ್ಟ ಹಾಗೆ. ಅಕ್ಕನದೂ ಬಲಗಡೆಯೇ. ಅವಳಿಗೆ ಗೊತ್ತಾಗದಿರಲೆಂದು ಹೊರಗಿನ ಬೆಂಚಿನ ಮೇಲೆ ಹಲ್ಲು ಕಚ್ಚಿ ಕೂತೆ. ಡಾಕ್ಟರು ಒತ್ತಿ ನೋಡಿ, ಏನೂ ಇಲ್ಲ, ಪ್ರಯಾಣದ ದಣಿವು ಎಂದರು.

ಸಂಜೆ ನರ್ಸ್ "ಮಾವ್ಶಿ, ಪಾಣಿ ಪ್ಯಾ," ನೀರು ಕುಡಿಯಿರಿ ಎಂದು ಲೋಟ ಹಿಡಿದರೆ ಅಕ್ಕ ಬಾಯಿ ತೆರೆಯಲಿಲ್ಲ. ಅಂದು ಪೂಜೆಯಾಗಿರಲಿಲ್ಲ. ಪೂಜೆಯಿಲ್ಲದೆ ಹನಿ ನೀರೂ ಮುಟ್ಟುವವಳಲ್ಲ. ತುಟಿಗಳು ಒಣಗಿ ಬಿರಿದಿದ್ದವು. "ಲಿಂಗ ಕೊಡು," ಎಂದಳು.

ಆಗ ನನ್ನ ತಲೆಯಲ್ಲಿ ಬಂದದ್ದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಲಿಂಗ ಕೊರಳಿಂದ ತೆಗೆದರೆ ನೋವು ಮತ್ತೆ ಅವಳಿಗೆ ಹೋಗುತ್ತದೆ ಅನ್ನಿಸಿತು. ಬೆಳಗಿನವರೆಗೆ ಹೇಗಾದರೂ ತಡೆಯೋಣವೆಂದು "ಇರು, ತರ್ತೀನಿ" ಎಂದು ಜಾರಿಕೊಂಡೆ. ಎಷ್ಟು ಹೊತ್ತು ಜಾರಿಕೊಳ್ಳಲಾದೀತು? ಅವಳ ತುಟಿ ನೋಡಲಾಗಲಿಲ್ಲ. ಬಾಗಿಲ ಮರೆಯಲ್ಲಿ ಕೊರಳಿಂದ ತೆಗೆದು, ಕುಂಟದೆ ನಡೆದು ಹೋಗಿ ಅವಳ ಕೈಗೆ ಕೊಟ್ಟೆ.

ಕೊಟ್ಟದ್ದೇ ತಡ, ನನ್ನ ಸೊಂಟದ ಉರಿ ಆರಿತು. ಅಕ್ಕ ಹುಬ್ಬು ಗಂಟಿಕ್ಕಿ ಮಂಚದ ಸರಳು ಹಿಡಿದಳು. ಆದರೂ ವಿಭೂತಿ ಹಚ್ಚಿ, ಪೂಜೆ ಮುಗಿಸಿ, ಲೋಟದ ನೀರೆಲ್ಲ ಕುಡಿದಳು.

ಕೆಲವರಿಗೆ ಸೂಜಿಮದ್ದು ಬೇಗ ಇಳಿಯುತ್ತದೆ, ಬಸ್ಸಿನಲ್ಲಿ ಕೂತು ನನಗೆ ನರ ಹಿಡಿದಿರಬೇಕು ಎಂದರು ಡಾಕ್ಟರು. ಇದ್ದೀತು. ಎರಡೂ ಒಂದೇ ಗಳಿಗೆಗೆ ಹೇಗೆ ಎಂದರೆ ಅಕ್ಕನ ಚೀಟಿಯಲ್ಲಿ ನೋವಿನ ಗುಳಿಗೆ ಬರೆದು ಮುಂದಿನ ಮಂಚಕ್ಕೆ ಹೋದರು.

ಅದೂ ಇರಲಿ. ನೀರು ಕುಡಿದು ದಿಂಬಿಗೆ ಒರಗಿ, ನೋವಿನಲ್ಲೇ ಅಕ್ಕ ನನ್ನನ್ನು ಕೇಳಿದಳು: "ನಿನ್ನ ಸೊಂಟ ಈಗ ಹ್ಯಾಂಗ ಅದ, ತಮ್ಮಾ?"

ನಾನು ಅವಳಿಗೆ ಏನೂ ಹೇಳಿರಲಿಲ್ಲ.