ಬೆರಳಿಗೆ ಸಿಗಬೇಕಾದ ನೀರು

ಪುಣೆಯ ಪಕ್ಕದ ಪಿಂಪ್ರಿಯ ಕಾರ್ಖಾನೆಗಳ ಹಿಂದಿನ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕಾಗಿಲ್ಲ. ತಗಡಿನ ಶೆಡ್ಡಿನೊಳಗೆ ಶಿವಬಸವ್ವ ಮರುಭೂಮಿಗೆ ಮರಳು ಹಾಕುತ್ತಿದ್ದಾರೆ. ಊಟದ ಮೇಜಿನಷ್ಟು ಅಗಲದ ಹಲಗೆ, ಮೇಲೆ ಅಂಟು. ರಂಗೋಲಿ ಬಿಟ್ಟಂತೆ ಬೆರಳ ಸಂದಿಯಿಂದ ಸಣ್ಣ ಮರಳು ಇಳಿಯುತ್ತದೆ. ಗಾಳಿ ಬರುವ ಕಡೆ ದಿಬ್ಬ ನಿಧಾನವಾಗಿ ಏರುತ್ತದೆ, ಆಚೆ ಬದಿಗೆ ಕಡಿದಾಗಿ ಬೀಳುತ್ತದೆ. ಮರಳು ಹಾರುತ್ತದೆಂದು ಫ್ಯಾನ್ ಹಾಕುವಂತಿಲ್ಲ. ಇವರ ಕೆಲಸದ ಬಗ್ಗೆ ಬರೆಯಲು ಬಂದ ನಾನು ಚೆನ್ನಾಗಿ ನೋಡೋಣವೆಂದು ಹಲಗೆಯ ಅಂಚಿಗೆ ಮೊಣಕೈ ಊರುತ್ತೇನೆ.

"ಕೈ ತಗೀರಿ ಸರ್ರ, ಅಲ್ಲಿ ನಾಕು ಮನಿ ಅದಾವು!"

ನೋಡಿದರೆ ಹೌದು, ಹುಣಸೆಬೀಜದಷ್ಟು ದೊಡ್ಡ ಮಣ್ಣಿನ ಮನೆಗಳು.

ಇದು ಅಂಧ ಮಕ್ಕಳ ಶಾಲೆಯೊಂದಕ್ಕೆ ಹೋಗಬೇಕಾದ ಮಾದರಿ. ಮರುಭೂಮಿಯ ನಡುವೆ ಒಂದು ಪುಟ್ಟ ಓಯಸಿಸ್ ಊರು ಹೇಗಿರುತ್ತದೆಂದು ಮಕ್ಕಳು ಮುಟ್ಟಿ ತಿಳಿಯಬೇಕು. ಸೋಮವಾರವೇ ಪಾಠ. ಆದರೆ ಹೋದ ವಾರ ಇದು ಪರೀಕ್ಷೆಯಲ್ಲಿ ನಪಾಸಾಗಿದೆ. ಇವತ್ತೂ ಆದರೆ ಊರು ಶೆಡ್ಡಿನಲ್ಲೇ ಉಳಿಯುತ್ತದೆ, ಮಕ್ಕಳಿಗೆ ಪುಸ್ತಕದ ಪಾಠವೇ ಗತಿ.

ಶಿವಬಸವ್ವ ಇಂಡಿ ತಾಲ್ಲೂಕಿನವರು. ಗಂಡ ಈರಣ್ಣ ಬಿಡಿಭಾಗಗಳ ಕಾರ್ಖಾನೆಗೆ ಸೇರಿದಾಗ ಇಲ್ಲಿಗೆ ಬಂದರು. ಮಾದರಿಗಳನ್ನು ಮಾಡುವ ಈ ಶೆಡ್ಡಿಗೆ ಬಂದದ್ದು ಕಸ ಗುಡಿಸಲು. ಮುರಿದುಬಿದ್ದ ಮಾದರಿ ಗುಡ್ಡವೊಂದನ್ನು ಅವರು ತಾವೇ ಅಂಟಿಸಿಟ್ಟದ್ದನ್ನು ಕಂಡ ಮಾಲೀಕ ಸುಖೇಶ್ ಅವರ ಕೈಯಿಂದ ಪೊರಕೆ ಬಿಡಿಸಿದರು. ಈಗ ಪುಣೆಯ ಎಷ್ಟೋ ಬಿಲ್ಡರುಗಳ ಕಚೇರಿಯಲ್ಲಿ ಇವರು ಮಾಡಿದ ಪುಟಾಣಿ ಅಪಾರ್ಟ್‌ಮೆಂಟುಗಳಿವೆ, ನೀಲಿ ಈಜುಕೊಳಗಳಿವೆ. ಪ್ಲಾಸ್ಟರ್ ಕಲಸಿ ಕಲಸಿ ಬೆರಳ ತುದಿಗಳು ಒಡೆದಿವೆ, ಬೆಳಗಾದರೆ ಕೆಮ್ಮು.

ಈ ಊರು ಯಾವ ನಕಾಶೆಯಲ್ಲೂ ಇಲ್ಲ. ನಾಲ್ಕಾರು ಊರುಗಳ ಲಕ್ಷಣ ಕೂಡಿಸಿ ಸುಖೇಶ್ ಗೆರೆ ಎಳೆದದ್ದು. ತಗ್ಗಿನಲ್ಲಿ ನೆಲದಡಿಯ ನೀರು ಮೇಲೆ ಬರುತ್ತದೆ. ಸುತ್ತ ಖರ್ಜೂರದ ಮರ, ಅದರ ನೆರಳಲ್ಲಿ ದಾಳಿಂಬೆ, ಅದರಡಿ ತರಕಾರಿ. ಮನೆಗಳೇಕೆ ನೀರು ಬಿಟ್ಟು ಅಷ್ಟು ದೂರ, ಬರಡು ಕಲ್ಲಿನ ಮೇಲೆ?

"ನಾನೂ ಸಾಹೇಬ್ರಿಗೆ ಇದ ಕೇಳಿದ್ದೆ ನೋಡ್ರಿ. ಹಸಿ ನೆಲದಾಗ ಮನಿ ಕಟ್ಟಿದ್ರ ಬೆಳಿಯೋದೆಲ್ಲಿ, ಉಣ್ಣೋದೇನು ಅಂದ್ರು."

ಊರಿಗೆ ಹಿಂದೊಂದು ಕಾಲವಿತ್ತು. ಒಂಟೆಗಳ ಸಾಲು ತಂಗುತ್ತಿದ್ದ ಛತ್ರದ ಗೋಡೆ ಅಂಚಿನಲ್ಲಿದೆ. ಡಾಂಬರು ರಸ್ತೆ ಬೇರೆ ದಿಕ್ಕಿಗೆ ಹೋದ ಮೇಲೆ ವ್ಯಾಪಾರವೂ ಅದರ ಬೆನ್ನು ಹತ್ತಿತು. ಬಿಟ್ಟುಹೋದ ಮನೆಗಳನ್ನು ಶಿವಬಸವ್ವ ಬೆರಳು ಹಿಡಿಯುವಷ್ಟು ದೊಡ್ಡದಾಗಿ, ಮಾಳಿಗೆ ಇಲ್ಲದೆ ಮಾಡಿದ್ದಾರೆ. ಬೆರಳಿಟ್ಟರೆ ಒಳಗಿನ ಮರಳು ತಾಗುತ್ತದೆ. ಯಾಕೋ ಕಸಿವಿಸಿಯಾಗಿ ನಾನು ಕೈ ಹಿಂದಕ್ಕೆ ತೆಗೆಯುತ್ತೇನೆ.

ಇಷ್ಟೆಲ್ಲ ಇದ್ದೂ ನಪಾಸಾದದ್ದು ನೀರಿನಿಂದ. ಈಜುಕೊಳಕ್ಕೆ ಹಚ್ಚುವ ಹಾಗೆಯೇ ತಗ್ಗಿಗೂ ನೀಲಿ ಬಳಿದು ಮೇಲೆ ವಾರ್ನಿಶ್ ಕೊಟ್ಟಿದ್ದರು. ನೋಡಿದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಮುಟ್ಟಿ ನೋಡಲು ಬಂದವರು ಶಾಲೆಯ ಶಿಕ್ಷಕಿ ಅನುಸೂಯಾ. ಅವರಿಗೂ ಕಣ್ಣು ಕಾಣುವುದಿಲ್ಲ.

"ಅಕ್ಕಾರು ನೀರಿನ ಮ್ಯಾಲೇ ಕೈ ಇಟ್ಟು, ಇದು ಯಾರ ಮನಿ ಅಂಗಳ ಅಂದ್ರು. ನಾಚಿಕಿ ಬಂದು ಸತ್ತಂಗಾತ್ರಿ."

ಎರಡು ದಿನ ಶಿವಬಸವ್ವ ಅವರಿಗೆ ಊಟ ಸೇರಲಿಲ್ಲ. ಮೂರನೆಯ ದಿನ ಅಡುಗೆಮನೆಯ ಕಡಪಾ ಕಲ್ಲಿನ ಕಟ್ಟೆ ಒರೆಸುವಾಗ ಅಂಗೈ ತಣ್ಣಗಾಯಿತಂತೆ. ಕಲ್ಲು ಕೊಯ್ಯುವವರ ಬಳಿ ಹೋಗಿ ಪಾಲಿಶ್ ಮಾಡಿದ ಒಂದು ಚೂರು ತಂದರು. ನೀಲಿ ಕೆರೆದು, ತಗ್ಗು ಇನ್ನಷ್ಟು ಅಗೆದು, ಅದನ್ನು ಕೂರಿಸಿದರು. ಒಡೆದ ಬೆರಳಿಗೆ ತಂಪು ತಿಳಿಯದೆಂದು ಈಗ ಬಗ್ಗಿ ಕೆನ್ನೆ ತಾಗಿಸಿ ನೋಡುತ್ತಿದ್ದಾರೆ.

ಹತ್ತರ ಹೊತ್ತಿಗೆ ಅನುಸೂಯಾ ಬರುತ್ತಾರೆ. ಅವರ ಬೆರಳು ದಿಬ್ಬ ಹತ್ತಿ ಇಳಿಯುತ್ತದೆ, ಪಾಳುಮನೆ ಹೊಕ್ಕು ಹೊರಡುತ್ತದೆ, ಖರ್ಜೂರದ ನಡುವೆ ಕಾಲುವೆ ಹಿಡಿಯುತ್ತದೆ. ಶಿವಬಸವ್ವ ಸೆರಗಿನ ತುದಿ ಹಿಂಡುತ್ತಿದ್ದಾರೆ. ಬೆರಳು ನಿಲ್ಲುತ್ತದೆ.

"ಹಾಂ, ನೀರು," ಎಂದು ನಗುತ್ತಾರೆ ಅನುಸೂಯಾ. ಮತ್ತೆ ಸುತ್ತ ಸವರಿ, "ಶಿವಬಸವ್ವಾ, ಇಷ್ಟ ಸಣ್ಣದೇನು? ಇಷ್ಟರ ಮ್ಯಾಲೆ ಇಡೀ ಊರು ನಿಂತದ?"

"ಹೌದ್ರಿ ಅಕ್ಕಾರ, ಅಷ್ಟ ಅದ."

ಮಾದರಿಯ ಮೇಲೆ ನಿಮ್ಮ ಹೆಸರು ಬೇಡವೇ ಎಂದು ಕೇಳುತ್ತೇನೆ. ಶಿವಬಸವ್ವ ಕಣ್ಣೊರೆಸಿಕೊಂಡು ಬೇಡವೆಂದು ತಲೆಯಾಡಿಸುತ್ತಾರೆ.

"ಹೆಸರು ಯಾಕ್ರಿ? ಮಕ್ಕಳು ಮುಟ್ಟಿ ಮುಟ್ಟಿ ಆ ಕಲ್ಲು ಸವೀಲಿ. ಸವದ್ರ ಇನ್ನೊಂದು ಕೂಡಸ್ತೀನಿ."